ನೀರು ಕುಡಿದು ಲಿಸ್ಬನ್ನಿಗೆ

ಲಂಡನ್ನಿನ ಅಂಚಿನ ಸಟನ್ನಿನಲ್ಲಿರುವ ನಮ್ಮ ಕನ್ನಡದವರಲ್ಲಿ ಯಾರು ಪೋರ್ಚುಗಲ್‌ಗೆ ಹೊರಟರೂ ಮೊದಲು ನನಗೆ ಫೋನು ಮಾಡಿ ಪಟ್ಟಿ ಕೇಳುತ್ತಾರೆ. ಏನೇನು ಒಯ್ಯಬೇಕು, ಏನು ಒಯ್ಯಬಾರದು ಎಂದು ಬರೆದಿಟ್ಟ ಪಟ್ಟಿ ಅದು. ಅಲ್ಲಿಯ ಗೋಡೆಗೆ ನಮ್ಮ ಮೂರು ಕಡ್ಡಿಯ ಪ್ಲಗ್ಗು ಹೋಗುವುದಿಲ್ಲ, ಅಡಾಪ್ಟರ್ ಬೇಕು. ಹಾಲಿನ ತಿನಿಸು ಒಯ್ಯುವಂತಿಲ್ಲ, ಆದ್ದರಿಂದ ಧಾರವಾಡ ಪೇಡೆ ಮನೆಯಲ್ಲೇ ತಿಂದು ಮುಗಿಸಿ. ಹೋಟೆಲಿನಲ್ಲಿ ಕೇಳದೆ ತಂದಿಟ್ಟ ಬ್ರೆಡ್ಡು, ಆಲಿವ್ ಪುಕ್ಕಟೆಯಲ್ಲ, ಬೇಡದಿದ್ದರೆ ಮುಟ್ಟಬೇಡಿ. ಲಿಸ್ಬನ್ನಿನ ಏರುದಾರಿಯ ಕಲ್ಲುಹಾಸು ಜಾರುತ್ತದೆ, ಹೊಸ ಚಪ್ಪಲಿ ಬೇಡ. ಇಷ್ಟಕ್ಕೆಲ್ಲ ಯಾರೂ ತಕರಾರು ಎತ್ತುವುದಿಲ್ಲ. ಎಲ್ಲರೂ ಕೇಳುವುದು ಮೊದಲ ಸಾಲಿನ ಬಗ್ಗೆ: ಬೀಗ ಹಾಕುವ ಮೊದಲು ಐದು ನಿಮಿಷ ಕುಳಿತು, ಫ್ರಿಜ್ಜಿನಿಂದ ನೀರು ತೆಗೆದು ಕುಡಿಯಿರಿ.

ಆ ಸಾಲು ಬಂದದ್ದು ಅವ್ವನಿಂದ.

ಅವ್ವ ಧಾರವಾಡದ ಶಾಲೆಯಲ್ಲಿ ಭೂಗೋಳ ಕಲಿಸಿದವಳು. ನಿವೃತ್ತಳಾದರೂ ಓಣಿಯವರಿಗೆಲ್ಲ ಇಂದಿಗೂ ಅಕ್ಕೋರು. ಯುರೋಪಿನ ನೆಲ ಪಶ್ಚಿಮಕ್ಕೆ ಮುಗಿಯುವ ಜಾಗ ಪೋರ್ಚುಗಲ್ಲಿನಲ್ಲಿದೆ ಎಂದು ವರ್ಷವರ್ಷವೂ ನಕಾಶೆಗೆ ಕೋಲು ಮುಟ್ಟಿಸಿ ಹೇಳಿದ್ದಳು. ಅದನ್ನು ಒಮ್ಮೆ ಕಣ್ಣಾರೆ ನೋಡಬೇಕು ಎಂಬುದೊಂದೇ ಅವಳ ಆಸೆ. ನಮ್ಮಲ್ಲಿಗೆ ಬರುವ ಮೊದಲೇ ಬೆಂಗಳೂರಿನಲ್ಲಿ ಅದಕ್ಕೆಂದು ಬೇರೆ ವೀಸಾ ಮಾಡಿಸಿದ್ದೆವು. ಬ್ರಿಟನ್ನಿನ ವೀಸಾ ಇದ್ದರೆ ಸಾಕು ಎಂದುಕೊಳ್ಳುವವರಿಗೆ ಈ ಮಾತು. ಆ ವೀಸಾ ಇದ್ದದ್ದು ಒಂದೇ ವಾರಕ್ಕೆ. ಆ ವಾರ ತಪ್ಪಿದರೆ ಅವ್ವ ನಕಾಶೆಯಲ್ಲೇ ತೃಪ್ತಿಪಡಬೇಕಿತ್ತು.

ಹೊರಡುವ ದಿನ ಬೆಳಗ್ಗೆ ನಾನು ಪಟ್ಟಿ ಹಿಡಿದು ಒಂದೊಂದಕ್ಕೂ ಗೆರೆ ಎಳೆದೆ. ನನ್ನ ಪಟ್ಟಿಯ ಬಗ್ಗೆ ನನಗೆ ಸ್ವಲ್ಪ ಜಂಬ ಇತ್ತು, ಸುಳ್ಳೇಕೆ ಹೇಳಲಿ. ನನ್ನ ಗಂಡ ಮೈಸೂರಿನವರು. ಸ್ಟೇಷನ್ನಿನಲ್ಲಿ ರೈಲಿಗೆ ಕಾಯುವಾಗ ಅವರು ತಣ್ಣಗೆ ಕೇಳಿದರು, "ಪಾಸ್‌ಪೋರ್ಟ್‌ಗಳು ನಿನ್ ಹತ್ರ ತಾನೆ?"

ಹಿಂದಿನ ಸಂಜೆ ಮೂರೂ ಪಾಸ್‌ಪೋರ್ಟ್‌ಗಳನ್ನು ದೇವರ ಮುಂದೆ ಇಟ್ಟು, ಅರಿಶಿನ ಕುಂಕುಮ ಹಚ್ಚಿ, ಮೇಲೆ ಹೂ ಏರಿಸಿದ್ದೆವು. ದೇವರ ಕಪಾಟು ಸೇರಿತೆಂದರೆ ಭದ್ರವಾಯಿತು ಎಂದು ಪಟ್ಟಿಯಲ್ಲಿ ಗೆರೆಯನ್ನೂ ಎಳೆದುಬಿಟ್ಟಿದ್ದೆ. ಅವು ಅಲ್ಲೇ ಹೂ ಹೊತ್ತು ಕುಳಿತಿದ್ದವು.

"ನೀವಿಬ್ಬರೂ ಇಲ್ಲೇ ಇರಿ" ಎಂದು ಹೇಳಿ ನಾನು ಓಡಿದೆ. ಮನೆ ಹತ್ತಿರವೇ, ಆದರೆ ದಾರಿ ಏರು. ಬೀಗ ತೆಗೆದು, ಪಾಸ್‌ಪೋರ್ಟ್ ಕೈಗೆತ್ತಿಕೊಳ್ಳುವಷ್ಟರಲ್ಲಿ ಅವ್ವನ ಫೋನು.

"ಹೊರಗ ಬಿದ್ದಾಕಿ ಹೊಳ್ಳಿ ಮನಿಗೆ ಹೋಗೀದಿ. ಹಂಗ ಬರಬ್ಯಾಡ. ಕುಂತು, ನೀರ ಕುಡದು ಬಾ."

"ಅವ್ವಾ, ರೈಲ ತಪ್ಪತದ."

"ಇನ್ನೊಂದ ಬರತದ. ಕುಂತಿಯೇನು?"

ನನಗೆ ಸಿಟ್ಟು ನೆತ್ತಿಗೇರಿತು. ಈ ವಯಸ್ಸಿನಲ್ಲೂ ಮಗಳನ್ನು ಫೋನಿನಲ್ಲಿ ಕೂರಿಸುವ ತಾಯಿ. ಕುಳಿತೆ ಎಂದು ಸುಳ್ಳು ಹೇಳಬಹುದಿತ್ತು, ಆದರೆ ಅವ್ವನಿಗೆ ಸುಳ್ಳು ಹೇಳಿ ಜೀರ್ಣಿಸಿಕೊಂಡವರು ನಮ್ಮ ಮನೆಯಲ್ಲಿ ಯಾರೂ ಇಲ್ಲ. ನಲ್ಲಿಯ ನೀರು ಅವ್ವನಿಗೆ ಆಗದೆಂದು ಕಾಯಿಸಿ ಆರಿಸಿದ ನೀರನ್ನು ಫ್ರಿಜ್ಜಿನಲ್ಲಿ ಇಡುತ್ತಿದ್ದೆ. ಅದನ್ನೇ ಕುಡಿಯೋಣವೆಂದು ಬಾಗಿಲು ತೆಗೆದೆ.

ವಾರದ ಪ್ರಯಾಣವೆಂದು ಫ್ರಿಜ್ಜನ್ನು ಪೂರಾ ಖಾಲಿ ಮಾಡಿದ್ದೆವು. ಉಳಿದದ್ದು ಎರಡೇ: ನೀರಿನ ಬಾಟಲಿ, ಅದರ ಪಕ್ಕ ಅವ್ವ ಊಟಕ್ಕೆ ಮೊದಲು ಚುಚ್ಚಿಕೊಳ್ಳುವ ಇನ್ಸುಲಿನ್ ಇದ್ದ ನೀಲಿ ಚೀಲ.

ಮಾತ್ರೆಗಳನ್ನೆಲ್ಲ ಬ್ಯಾಗಿಗೆ ತುಂಬಿ 'ಔಷಧ' ಎಂಬುದಕ್ಕೆ ಗೆರೆ ಎಳೆದಿದ್ದೆ. ಇನ್ಸುಲಿನ್ ಮಾತ್ರ ತಂಪಾಗಿರಲಿ, ಕೊನೆಗೆ ತೆಗೆದುಕೊಂಡರಾಯಿತು ಎಂದು ಬಿಟ್ಟಿದ್ದೆ. ದಿನಾ ಬೆಳಗಾದರೆ ಆಸ್ಪತ್ರೆಯಲ್ಲಿ ಸಕ್ಕರೆ ಕಾಯಿಲೆಯವರಿಗೆ ಬುದ್ಧಿ ಹೇಳುವ ಡಾಕ್ಟರು ನಾನು. ಆಗ ನಿಜವಾಗಿ ಕುಳಿತೆ. ನೀರೂ ಕುಡಿದೆ.

ಆ ರೈಲು ತಪ್ಪಿತು. ಮುಂದಿನದು ಬಂತು, ವಿಮಾನವೂ ಸಿಕ್ಕಿತು. ಲಿಸ್ಬನ್ನಿನಲ್ಲಿ ಅಧಿಕಾರಿ ಅವ್ವನ ಪಾಸ್‌ಪೋರ್ಟಿನ ಹೊದಿಕೆಯ ಕುಂಕುಮ ನೋಡಿದ, ಅವ್ವನ ಹಣೆ ನೋಡಿದ, ಮುದ್ರೆ ಒತ್ತಿದ. ಇನ್ಸುಲಿನ್ನಿನ ಮಾತನ್ನು ನಾನು ಮೂರು ದಿನ ಯಾರಿಗೂ ಹೇಳಲಿಲ್ಲ.

ನಾಲ್ಕನೆಯ ದಿನ ಅವ್ವನ ನಕಾಶೆಯ ಆ ತುದಿಗೆ ಹೋದೆವು. ಎತ್ತರದ ಬಂಡೆ, ಕೆಳಗೆ ಕಡಲು, ಸೀರೆಯ ಸೆರಗು ನಿಲ್ಲದಷ್ಟು ಗಾಳಿ. ಅವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಕಡಲು ನೋಡುತ್ತ ನಿಂತಳು. ನನಗೆ ತಡೆಯಲಾಗಲಿಲ್ಲ. ಅಂದು ಫ್ರಿಜ್ಜಿನಲ್ಲಿ ಕಂಡದ್ದನ್ನು ಹೇಳಿಬಿಟ್ಟೆ. ಬೈಸಿಕೊಳ್ಳಲು ತಯಾರಾಗಿಯೇ ಇದ್ದೆ.

ಅವ್ವ ಬೈಯಲಿಲ್ಲ. ಕಡಲಿಗೆ ಬೆನ್ನು ಮಾಡಿ ನಮ್ಮ ಕಡೆ ತಿರುಗಿದಳು. ತರಗತಿಯಲ್ಲಿ ನಕಾಶೆಯನ್ನು ನೋಡದೆಯೇ ಕೋಲು ಮುಟ್ಟಿಸುತ್ತಿದ್ದ ಹಾಗೆ ಬಲಗೈಯನ್ನು ಹಿಂದಕ್ಕೆ ಚಾಚಿದಳು.

"ಯುರೋಪ್ ಇಲ್ಲಿಗೆ ಮುಗೀತು. ಎಲ್ಲಾರೂ ನೋಡಿದ್ರೇನು?"

"ನೋಡಿದ್ವಿರಿ ಅಕ್ಕೋರ" ಅಂದೆ. ನನ್ನ ಗಂಡನೂ ಕೈ ಕಟ್ಟಿ ನಿಂತಿದ್ದರು.

"ಹಂಗಾರ ಆ ಸೂಜಿ ತಾ" ಅಂದಳು ಅವ್ವ, ಕಲ್ಲಿನ ಮೇಲೆ ಕೂರುತ್ತ. "ಹಸಿವ್ಯಾಗೇದ."