ಹಪ್ಪಳ ಕರಿಯುವ ಸದ್ದು

ನನ್ನ ಗಂಡನ ಬಾಯಿಂದ ‘ಚೆನ್ನಾಗಿದೆ’ ಎಂಬ ಮಾತು ಕೇಳಬೇಕೆಂಬುದು ನನ್ನ ಬಹಳ ದಿನದ ಆಸೆ. ಇದೇನು ದೊಡ್ಡ ಆಸೆಯಲ್ಲ. ಬೇರೆ ಹೆಂಗಸರು ಬಳೆ ಕೇಳುತ್ತಾರೆ, ಟೂರು ಕೇಳುತ್ತಾರೆ, ನಾನು ಕೇಳಿದ್ದು ಒಂದು ಮಾತು. ಅಕ್ಕಿರೊಟ್ಟಿ ಹೇಗಿದೆ ಎಂದರೆ ‘ಪರ್ವಾಗಿಲ್ಲ’. ಮಗಳು ಶಾಲೆಗೇ ಮೊದಲು ಬಂದಾಗಲೂ ‘ಪರ್ವಾಗಿಲ್ಲ’. ಒಮ್ಮೆ ಇವರಿಗೆ ಎದೆನೋವೆಂದು ಹೆದರಿ ಚಿಕ್ಕಮಗಳೂರಿನಲ್ಲಿ ಡಾಕ್ಟರಿಗೆ ತೋರಿಸಿದೆವು. ಹೃದಯ ಗಟ್ಟಿಯಾಗಿದೆ, ಇದು ಬರೀ ಗ್ಯಾಸು ಎಂದರು ಅವರು. ನಾನು ಅಲ್ಲೇ ದೇವರಿಗೆ ಕೈಮುಗಿದೆ. ಇವರು ಮಾತ್ರ ಮನೆಗೆ ಬಂದು, “ಗ್ಯಾಸು ಜಾಸ್ತಿಯೇ ಇದೆಯಂತೆ” ಎಂದು ಮುಖ ಸಪ್ಪಗೆ ಮಾಡಿಕೊಂಡು ಕೂತರು.

ಇವರೊಬ್ಬರನ್ನೇ ದೂರಿ ಪ್ರಯೋಜನವಿಲ್ಲ. ಮೂಡಿಗೆರೆ ಸುತ್ತಿನ ಕಾಫಿ ಬೆಳೆಗಾರರಿಗೆಲ್ಲ ಇರುವುದು ಒಂದೇ ಕಾಯಿಲೆ. ಮಳೆ ಬಂದರೆ ಹೆಚ್ಚಾಯಿತು, ಬರದಿದ್ದರೆ ಕಡಿಮೆಯಾಯಿತು, ಸರಿಯಾಗಿ ಬಂದರೆ ‘ನೋಡ್ಬೇಕು, ಮುಂದೆ ಹ್ಯಾಂಗೋ’. ಫಸಲಿದ್ದರೆ ರೇಟಿಲ್ಲ, ರೇಟಿದ್ದರೆ ಫಸಲಿಲ್ಲ, ಎರಡೂ ಇದ್ದರೆ ಕೊಯ್ಯಲು ಆಳಿಲ್ಲ. ಮೂರೂ ಕೂಡಿಬಂದ ವರ್ಷ ಮಾತಾಡಲು ವಿಷಯ ಸಿಗದೆ ನಮ್ಮವರಿಗೆ ಹಲ್ಲುನೋವು ಬಂದಿತ್ತು. ನನ್ನ ತಂಗಿ ದಿನಾ ಬೆಳಿಗ್ಗೆ ಗುಲಾಬಿ ಹೂವಿನ ಚಿತ್ರದ ಜೊತೆ ‘ಇಂದು ನೀವು ಯಾವುದಕ್ಕೆ ಕೃತಜ್ಞರಾಗಿದ್ದೀರಿ?’ ಎಂದು ಮನೆಯವರ ವಾಟ್ಸಾಪ್ ಗ್ರೂಪಿಗೆ ಕಳಿಸುತ್ತಾಳೆ. ಒಂದು ದಿನ ಇವರು ಅದಕ್ಕೆ ‘ಇಲ್ಲಿ ಕರೆಂಟಿಲ್ಲ’ ಎಂದು ಉತ್ತರ ಬರೆದರು.

ನಾನು ಚಿಕ್ಕಮಗಳೂರಿನ ಬಟ್ಟೆ ಅಂಗಡಿಯವರ ಮಗಳು. ನನಗಿದು ಹೊಸದೇನಲ್ಲ. ಹಬ್ಬದ ಹಿಂದಿನ ದಿನ ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲದಾಗಲೂ ಅಪ್ಪ ಪಕ್ಕದ ಅಂಗಡಿಯವರಿಗೆ, “ಈ ಸಲ ಡಲ್ಲು” ಎನ್ನುತ್ತಿದ್ದರು. ಅವರು ತಮ್ಮ ಗಿರಾಕಿಗಳ ಸಂದಿಯಿಂದ ಕತ್ತು ಚಾಚಿ, “ನಮ್ದೂ ಅಷ್ಟೆ” ಎನ್ನುತ್ತಿದ್ದರು. ಒಳ್ಳೆಯದನ್ನು ಬಾಯಿಬಿಟ್ಟು ಹೇಳಿದರೆ ದೃಷ್ಟಿಯಾಗುತ್ತದೆಂಬ ಭಯ ಅಲ್ಲೂ ಇತ್ತು. ಮದುವೆಯಾಗಿ ತೋಟಕ್ಕೆ ಬಂದಾಗ ಬದಲಾದದ್ದು ಸರಕು ಮಾತ್ರ.

ಈ ಕಾಯಿಲೆ ನಮ್ಮ ಮನೆಯಲ್ಲಿ ವಿಕೋಪಕ್ಕೆ ಹೋದದ್ದು ಎರಡು ಮೂರು ವರ್ಷದ ಹಿಂದೆ, ಒಂದು ಮಾರ್ಚ್ ತಿಂಗಳಲ್ಲಿ.

ಮಾರ್ಚ್ ಬಂತೆಂದರೆ ನಮ್ಮಲ್ಲಿ ಎಲ್ಲರ ಕತ್ತೂ ಮೇಲಕ್ಕೆ. ಗಿಡದ ತುಂಬ ಮೊಗ್ಗು ಕಟ್ಟಿ ನಿಂತಿರುತ್ತದೆ, ಅದು ಅರಳಲು ಒಂದು ಒಳ್ಳೆಯ ಮಳೆ ಬೇಕು. ಅದಕ್ಕೆ ಹೂಮಳೆ ಎನ್ನುತ್ತೇವೆ. ಅದು ಬಂದರೆ ಒಂಬತ್ತು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗೆ. ಬಾರದಿದ್ದರೆ ಮೊಗ್ಗು ಬಿಸಿಲಿಗೆ ಸುಟ್ಟು ಉದುರುತ್ತದೆ, ವರ್ಷದ ಫಸಲು ಅಲ್ಲಿಗೆ ಮುಗಿಯಿತು. ನೀರಿದ್ದವರು ಸ್ಪ್ರಿಂಕ್ಲರ್ ಹೊಡೆದುಕೊಳ್ಳುತ್ತಾರೆ. ನಮ್ಮ ಹಳ್ಳ ಫೆಬ್ರವರಿಗೇ ಬತ್ತುವುದರಿಂದ ನಮಗೆ ಆಕಾಶವೇ ಗತಿ. ಗುಡ್ಡದ ಆಚೆ ಮಗ್ಗುಲಿನ ತೋಟ ಇವರ ಬಾಲ್ಯದ ಗೆಳೆಯರದು. ಅವರಿಗೆ ಒಂದು ಕೆರೆಯಿದೆ, ಪಂಪಿದೆ, ಪೈಪುಗಳಿವೆ. ಆದರೆ ಅದು ಅವರ ತೋಟಕ್ಕೆ ಒಂದು ಸುತ್ತು ಹೊಡೆದರೆ ತಳ ಕಾಣುವಷ್ಟೇ ನೀರು. ಅವರು ನನ್ನನ್ನು ಅತ್ತಿಗೆ ಎನ್ನುತ್ತಾರೆ, ನಾನು ಅವರನ್ನು ಅಣ್ಣ ಎನ್ನುತ್ತೇನೆ. ಕೂತು ಯೋಚಿಸಿದರೆ ಈ ಸಂಬಂಧ ಸರಿಬರುವುದಿಲ್ಲ, ಆದರೆ ಇದುವರೆಗೆ ಯಾರೂ ಕೂತು ಯೋಚಿಸಿಲ್ಲ. ಗೊಣಗುವುದರಲ್ಲಿ ಅವರು ನಮ್ಮವರಿಗೆ ಸರಿಜೋಡಿ.

ಆ ದಿನ ಸಂಜೆ ದೇವರಮನೆ ಬೆಟ್ಟದ ಕಡೆಯಿಂದ ಮೋಡ ಎದ್ದು ಬಂದು ನಮ್ಮ ತೋಟದ ಮೇಲೆ ಸುರಿಯಿತು. ಸುರಿಯಿತು ಎಂದರೆ ಎದೆ ತುಂಬುವ ಹಾಗೆ ಸುರಿಯಿತು. ಇವರು ಬನಿಯನ್ನಿನಲ್ಲೇ ಅಂಗಳಕ್ಕಿಳಿದು, ಮಳೆ ಅಳೆಯುವ ಡಬ್ಬಿಯ ಹತ್ತಿರ ಹೋಗಿ ಬಗ್ಗಿ ನೋಡುವುದು, ಒಳಗೆ ಬರುವುದು, ಮತ್ತೆ ಹೋಗುವುದು. ಕೊನೆಗೆ ತಲೆಯಿಂದ ನೀರು ಇಳಿಸಿಕೊಂಡು ಬಂದು, “ಇಂಚು ದಾಟ್ತು ಕಣೇ” ಎಂದರು. ಮುಖ ನೋಡಬೇಕಿತ್ತು! ನಮ್ಮ ಮದುವೆಯ ಫೋಟೋದಲ್ಲೂ ಅವರು ಹಾಗೆ ನಕ್ಕಿಲ್ಲ. ಇವತ್ತು ಆ ಮಾತು ಬಂದೇ ಬರುತ್ತದೆಂದು ನಾನು ಕಾಫಿ ಲೋಟ ಹಿಡಿದು ಎದುರಿಗೇ ನಿಂತೆ.

ಅಷ್ಟರಲ್ಲಿ ಫೋನ್ ಬಂತು.

ನಮ್ಮ ಮನೆಯಲ್ಲಿ ಸಿಗ್ನಲ್ ಸಿಗುವುದು ಜಗಲಿಯ ಒಂದೇ ಮೂಲೆಯಲ್ಲಿ, ಅದೂ ತಗಡಿನ ಷೀಟಿನ ಕೆಳಗೆ. ಷೀಟಿನ ಮೇಲೆ ಮಳೆ ಧೋ ಎನ್ನುತ್ತಿದೆ, ಕೆಳಗೆ ಇವರು ಫೋನನ್ನು ಕಿವಿಗೆ ಒತ್ತಿಕೊಂಡು ನಿಂತಿದ್ದಾರೆ. ಫೋನ್ ಮಾಡಿದ್ದು ಗುಡ್ಡದ ಆಚೆಯ ಗೆಳೆಯರು. ಅವರ ದನಿ ಮಳೆಯನ್ನೂ ಮೀರಿ ನನಗೆ ಕೇಳಿಸುತ್ತಿತ್ತು.

“ನಂಗೆ ಒಂದು ಹನಿ ಇಲ್ಲ ಮಾರಾಯ. ಮೋಡ ಎಲ್ಲ ತಲೆ ಮೇಲೇ ಹಾಯ್ದು ಹೋಯ್ತು. ನಿಂಗೆ?”

ಇವರ ನಗು ಅಲ್ಲೇ ಇಂಗಿತು. ಆಮೇಲೆ, ಯಾರೋ ತೀರಿಕೊಂಡ ಸುದ್ದಿ ಹೇಳುವ ದನಿಯಲ್ಲಿ, “ಎಂಥದೂ ಇಲ್ಲ ಮಾರಾಯ. ಬರೀ ಗುಡುಗು. ನಾಲ್ಕು ಹನಿ ಬಿತ್ತು, ಧೂಳೂ ನೆನೀಲಿಲ್ಲ” ಎಂದರು.

“ಮತ್ತೆ ಅದೆಂಥ ಸದ್ದು?”

ಇವರು ಷೀಟು ನೋಡಿದರು, ನನ್ನನ್ನು ನೋಡಿದರು. “ಇವ್ಳು ಹಪ್ಪಳ ಕರೀತಿದ್ದಾಳೆ” ಎಂದರು.

ಆ ಮಳೆ ನಿಂತದ್ದು ಎಷ್ಟೋ ಹೊತ್ತಿನ ಮೇಲೆ. ಅಷ್ಟು ಹೊತ್ತು ಕರಿಯಬೇಕಾದರೆ ಒಂದು ಮದುವೆಮನೆಗಾಗುವಷ್ಟು ಹಪ್ಪಳ ಬೇಕು. ಆದರೆ ಅವರು ನಂಬಿದರು. ನಂಬಿದ್ದಷ್ಟೇ ಅಲ್ಲ, ಮರುಗಿದರು. “ನಿಂಗೆ ಕೆರೆನೂ ಇಲ್ಲ. ನನ್ನ ಕೆರೆಯಿಂದ ಪೈಪ್ ಎಳ್ದು ಮೊದ್ಲು ನಿಂದು ಹೊಡ್ದುಬಿಡಾಣ. ನಿಂದು ಆಗ್ದೆ ನಾನು ನಂದಕ್ಕೆ ಪಂಪ್ ಹಾಕಲ್ಲ. ಉಳಿದ ನೀರಲ್ಲಿ ನಂದು ಎಷ್ಟಾಗ್ತದೋ ಅಷ್ಟಾಗ್ಲಿ.”

ಫೋನ್ ಇಟ್ಟ ಮೇಲೆ ನಾನು ಸುಮ್ಮನಿರಲಿಲ್ಲ. “ಬಂದ ಮಳೇನ ಬಂತು ಅನ್ನಕ್ಕೆ ನಿಮಗೇನು ಕಷ್ಟ?” ಎಂದು ಕೇಳಿದೆ.

“ಅವ್ನ ದನಿ ಕೇಳ್ದೆ ಅಲ್ವಾ? ಅಂಥವ್ನಿಗೆ ಹ್ಯಾಂಗೆ ಹೇಳೋದೇ?” ಎಂದರು.

ಅವರ ಮಾತಿನಲ್ಲಿ ಸತ್ಯವಿತ್ತು, ಅದೇ ನನಗೆ ಇನ್ನಷ್ಟು ಸಿಟ್ಟು ಬರಿಸಿತು. ಇವರು ಬರೀ ಸುಳ್ಳುಗಾರರಾಗಿದ್ದರೆ ಜಗಳವಾಡಿ ಮುಗಿಸಬಹುದಿತ್ತು. ಗೆಳೆಯನ ಹೊಟ್ಟೆ ಉರಿಯದಿರಲೆಂದು ಹೇಳಿದ ಸುಳ್ಳಿಗೆ ಏನೆಂದು ಬೈಯುವುದು? ಆದರೆ ಅತ್ತ ಆ ಮನುಷ್ಯನ ಮೊಗ್ಗು ಬಿಸಿಲಲ್ಲಿ ನಿಂತಿದೆ, ಪಂಪು ಸುಮ್ಮನೆ ಕೂತಿದೆ, ಕಾರಣ ನಾವು.

ಮಾರನೆಯ ದಿನ ಇವರು ಸತ್ಯ ಹೇಳುವುದರ ಬದಲು ಸಹಾಯ ತಪ್ಪಿಸಿಕೊಳ್ಳುವ ದಾರಿ ಹುಡುಕಿದರು. ಫೋನಿನಲ್ಲಿ ದಿನ ಚೆನ್ನಾಗಿಲ್ಲ ಎಂದರು. ಅದಕ್ಕೆ ಅವರು, ನೀರು ಹೊಡೆಯಲು ಎಂಥ ಮುಹೂರ್ತ ಎಂದರು. ಇವರು, ಆಳು ಬಂದಿಲ್ಲ ಎಂದರು. ಅವರು, ನನ್ನ ಆಳುಗಳನ್ನೇ ಕರೆತರುತ್ತೇನೆ ಎಂದರು. ಕೊನೆಗೆ ಇವರು ಬೆನ್ನುನೋವು ಎಂದುಬಿಟ್ಟರು. “ಹಾಗಾದ್ರೆ ನೀನು ಎದ್ದೇಳ್ಬೇಡ, ನಾನೇ ನಿಂತು ಹೊಡಿಸ್ತೀನಿ” ಎಂದರು ಅವರು. ಇವರು ಒಂದೊಂದು ಸುಳ್ಳು ಹೇಳಿದ ಹಾಗೆಲ್ಲ ಅವರ ಒಳ್ಳೆಯತನ ಒಂದೊಂದು ಮೆಟ್ಟಿಲು ಏರುತ್ತಿತ್ತು.

ನಾನು ಹಟ ಹಿಡಿದು ಮಧ್ಯಾಹ್ನ ಇವರನ್ನು ಸ್ಕೂಟರಿನಲ್ಲಿ ಅವರ ಮನೆಗೆ ಅಟ್ಟಿದೆ. ಹೋಗಿ ಎದುರಿಗೇ ಹೇಳಿ ಬನ್ನಿ ಎಂದೆ. ಸಂಜೆ ವಾಪಸು ಬಂದರು. ಕೈಯಲ್ಲಿ ಒಂದು ಬಾಟಲಿಯಿತ್ತು.

“ಹೇಳಿದ್ರಾ?”

“ಬಾಗಿಲಲ್ಲೇ ಬೆನ್ನು ಹ್ಯಾಂಗಿದೆ ಅಂದ. ಕೂರಿಸಿ ಎಣ್ಣೆ ತಿಕ್ಕಿಬಿಟ್ಟ ಕಣೇ. ಅವ್ನು ತಿಕ್ತಾ ಇರ್ಬೇಕಾದ್ರೆ ಎಂಥ ಹೇಳೋದು?”

ಮನೆಯೆಲ್ಲ ನೋವಿನೆಣ್ಣೆಯ ವಾಸನೆ. ಎಣ್ಣೆ ಹೇಗಿತ್ತು ಎಂದು ಕೇಳಿದೆ. “ಪರ್ವಾಗಿಲ್ಲ” ಎಂದರು.

ಮರುದಿನ ಬೆಳಿಗ್ಗೆ ತಿಂಡಿಯ ಹೊತ್ತಿಗೆ ಪಿಕಪ್ಪಿನ ಸದ್ದು ಕೇಳಿಸಿತು. ಹಿಂದೆ ಪೈಪುಗಳ ಹೊರೆ, ಹೊರೆಯ ಮೇಲೆ ಇಬ್ಬರು ಆಳುಗಳು, ಸ್ಟಿಯರಿಂಗ್ ಹಿಡಿದು ಸ್ವತಃ ಅವರೇ. ನಮ್ಮ ಗೇಟು ದಾಟಿದರೆ ಮೋರಿಯ ಹತ್ತಿರ ರಸ್ತೆ ಸ್ವಲ್ಪ ತಗ್ಗು. ಮರದ ನೆರಳು ಬೇರೆ, ಅಲ್ಲಿ ಬಿದ್ದ ನೀರು ಬೇಗ ಆರುವುದಿಲ್ಲ. ಮಳೆ ಬಾರದ ತೋಟವೆಂಬ ಧೈರ್ಯದಲ್ಲಿ ಅವರು ಜೋರಾಗಿ ಬಂದರು. ಪಿಕಪ್ಪು ಆ ತಗ್ಗಿನಲ್ಲಿ ಒಮ್ಮೆ ಹೊಯ್ದಾಡಿ, ಹಿಂದಿನ ಚಕ್ರ ಅರ್ಧದವರೆಗೆ ಹೂತುಕೊಂಡು ನಿಂತಿತು.

ಇವರು ತಟ್ಟೆ ಬಿಟ್ಟು ಓಡಿದರು, ಹಿಂದೆಯೇ ನಾನೂ. ಬೆನ್ನುನೋವಿನ ಮನುಷ್ಯ ಎಂಬುದು ಅವರಿಗೇ ಮರೆತುಹೋಗಿತ್ತು. ಹಿಂದೆ ನಿಂತು ಹೆಗಲು ಕೊಟ್ಟು ತಳ್ಳಿದರು. ಚಕ್ರ ಗಿರ್ರನೆ ತಿರುಗಿ, ಆ ಕೆಸರಷ್ಟನ್ನೂ ಅಡಿಯಿಂದ ಮುಡಿಯವರೆಗೆ ಇವರ ಮೇಲೆ ಎರಚಿತು. ಗೆಳೆಯರು ಎಂಜಿನ್ ನಿಲ್ಲಿಸಿ ಕೆಳಗಿಳಿದರು. ಇಳಿದ ಕಾಲಿನ ಚಪ್ಪಲಿ ಕೆಸರಿನಲ್ಲೇ ಉಳಿಯಿತು. ಒಂದು ಕಾಲೆತ್ತಿಕೊಂಡು ನಿಂತು ಅವರು ನೆಲ ನೋಡಿದರು, ಗಿಡದ ಬುಡದ ಒದ್ದೆ ತರಗೆಲೆ ನೋಡಿದರು, ಕೆಸರಿನೊಳಗೆ ಕಣ್ಣು ಮಾತ್ರ ಕಾಣುತ್ತಿದ್ದ ನನ್ನ ಗಂಡನನ್ನು ನೋಡಿದರು.

ಆಳುಗಳು ನಗು ತಡೆಯಲಾರದೆ ಅತ್ತ ಮುಖ ತಿರುಗಿಸಿದರು. ಇವರಂತೂ ಬಾಯಿ ಬಿಡುವ ಹಾಗಿರಲಿಲ್ಲ, ಬಿಟ್ಟರೆ ಕೆಸರು ಒಳಗೆ ಹೋಗುತ್ತಿತ್ತು.

“ಅಣ್ಣ, ಮಳೆ ಬಂದಿದೆ” ಎಂದೆ ನಾನು. “ಮೊನ್ನೆನೇ ಬಂದಿದೆ. ಚೆನ್ನಾಗಿ ಬಂದಿದೆ.”

ಹೇಳಿದ ಮೇಲೆ ಎದೆ ಹಗುರಾಯಿತು, ಅವರ ಮುಖ ನೋಡಿ ಮತ್ತೆ ಭಾರವಾಯಿತು. ಅವರು ನಿಧಾನಕ್ಕೆ, “ಹಾಗಾದ್ರೆ ಆ ಹಪ್ಪಳ?” ಎಂದರು.

“ಹಪ್ಪಳ ಅಲ್ಲ” ಎಂದೆ.

“ನಿನ್ನ ದನಿ ಕೇಳಿ ನಂಗೆ ಬಾಯಿ ಬರ್ಲಿಲ್ಲ ಮಾರಾಯ” ಎಂದರು ಇವರು, ಕೆಸರು ಒರೆಸಿಕೊಳ್ಳುತ್ತ.

“ನಿಂಗೆ ಬಂದಿದೆ ಅಂತ ಗೊತ್ತಿದ್ರೆ ನಾನು ನಿನ್ನೆನೇ ಪಂಪ್ ಹಾಕ್ತಿದ್ದೆ. ಮೇಲಿನ ಮೂಲೆ ಮೊಗ್ಗು ಆಗ್ಲೇ ಕಂದಿದೆ” ಎಂದರು ಅವರು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ವಾಸಿಯಿತ್ತು ಅನ್ನಿಸಿತು ನನಗೆ. ಇವರು ತಲೆ ತಗ್ಗಿಸಿದರು. ಆ ಗೆಳೆತನ ಅಲ್ಲೇ, ಆ ಮೋರಿಯ ಹತ್ತಿರವೇ ಮುಗಿಯಿತೆಂದುಕೊಂಡೆ.

ಅವರು ಬಗ್ಗಿ ಕೆಸರಿನೊಳಗಿಂದ ಚಪ್ಪಲಿ ಕಿತ್ತು, ತಿರುಗಿಸಿ ನೋಡಿ, “ಎಷ್ಟು ಬಂತು?” ಎಂದು ಕೇಳಿದರು.

“ಒಂದು ಇಂಚಿನ ಮೇಲೆ” ಎಂದ ಇವರು, ರೂಢಿಯ ಬಲದಿಂದ, “ಪರ್ವಾಗಿಲ್ಲ” ಎಂದೂ ಸೇರಿಸಿದರು.

ಅದಕ್ಕೆ ಅವರಿಗೆ ನಗು ಬಂತು. ಮೊದಲು ಮೂಗಿನಲ್ಲಿ ಬಂತು, ಆಮೇಲೆ ಚಪ್ಪಲಿ ಹಿಡಿದ ಕೈ ಅಲುಗಾಡುವಷ್ಟು ಬಂತು. “ಚಕ್ರ ಹೂತುಹೋಗಿದೆ, ಪರ್ವಾಗಿಲ್ಲವಂತೆ! ತಳ್ಳು ಮಾರಾಯ” ಎಂದರು. ಇವರು ಬಟ್ಟೆಯನ್ನೂ ಬದಲಿಸದೆ ಪಿಕಪ್ಪನ್ನು ತಳ್ಳಿ ತೆಗೆದು, ಅದರಲ್ಲೇ ಹತ್ತಿ ಹೋದರು. ಕೆರೆಯ ತಳ ಕಾಣುವವರೆಗೆ ಅವರ ತೋಟದಲ್ಲಿ ಪೈಪು ಹೊತ್ತರು. ನಾನು ನೆಂಟರಿಗೆಂದು ಡಬ್ಬಿಯ ತಳದಲ್ಲಿ ಬಚ್ಚಿಟ್ಟಿದ್ದ ಹಲಸಿನ ಹಪ್ಪಳವನ್ನೆಲ್ಲ ಕರಿದು ಬುತ್ತಿಯ ಜೊತೆ ಕಳಿಸಿದೆ. ಆ ಮನೆಗೆ ನಾವು ಹಪ್ಪಳದ ಬಾಕಿ ಉಳಿಸಿಕೊಳ್ಳುವ ಹಾಗಿರಲಿಲ್ಲ. ಅವತ್ತು ರಾತ್ರಿ ಇವರ ಬೆನ್ನು ನಿಜವಾಗಿಯೂ ಹಿಡಿದುಕೊಂಡಿತು. ಎಣ್ಣೆಯಂತೂ ಮನೆಯಲ್ಲೇ ಇತ್ತು.

ನಮ್ಮ ತೋಟ ಮೊದಲು ಅರಳಿತು, ಅವರದು ಎರಡು ದಿನ ಬಿಟ್ಟು. ಮೇಲಿನ ಮೂಲೆಯೊಂದು ಅರಳಲಿಲ್ಲ. ಅವರು ಅದರ ಮಾತೆತ್ತಲಿಲ್ಲ, ಆದರೆ ಅಲ್ಲಿಗೆ ಹೋದಾಗಲೆಲ್ಲ ಇವರ ಕಣ್ಣು ಆ ಮೂಲೆಗೇ ಹೋಗುತ್ತಿತ್ತು.

ಹೂವಾದ ಮೇಲೆ ಕಾಯಿ ಕಚ್ಚಲು ಇನ್ನೊಂದು ಮಳೆ ಬೇಕು. ನಮಗೂ ಬೇಕಿತ್ತು, ಅವರಿಗೂ ಬೇಕಿತ್ತು. ಅವರ ಕೆರೆಯಲ್ಲಿ ಈಗ ಕಪ್ಪೆ ಮುಳುಗುವಷ್ಟೂ ನೀರಿರಲಿಲ್ಲ. ಏಪ್ರಿಲ್ಲಿನ ಒಂದು ಸಂಜೆ ಮತ್ತೆ ಮೋಡ ಕಟ್ಟಿತು. ನಾವಿಬ್ಬರೂ ಜಗಲಿಯಲ್ಲಿ ಕಾದು ಕೂತೆವು. ಗಾಳಿ ಬೀಸಿತು, ಗುಡುಗಿತು, ಷೀಟಿನ ಮೇಲೆ ಒಂದು ಹನಿಯೂ ಬೀಳದೆ ಮೋಡ ಗುಡ್ಡದ ಆಚೆಗೆ ಸರಿದುಹೋಯಿತು. ಈ ಸಲ ಇವರು ಗೊಣಗಿದರೆ ಕೇಳಿಸಿಕೊಳ್ಳುವುದೆಂದು ನಾನೂ ತೀರ್ಮಾನಿಸಿದೆ.

ಫೋನ್ ಬಂತು. ಇವರು ಮೂಲೆಗೆ ಓಡಿ, “ಬಂತಾ?” ಎಂದರು.

“ಎಂಥದೂ ಇಲ್ಲ ಮಾರಾಯ” ಎಂದಿತು ಆಚೆಯ ದನಿ. “ನಾಲ್ಕು ಹನಿ.”

ದನಿಯ ಹಿಂದೆ ಧೋ ಎಂಬ ಸದ್ದು. ಇವರು ಫೋನನ್ನು ಕಿವಿಗೆ ಒತ್ತಿಕೊಂಡರು. “ಮತ್ತೆ ಅದೆಂಥ ಸದ್ದು?”

“ಇವ್ಳು ಹಪ್ಪಳ ಕರೀತಿದ್ದಾಳೆ” ಎಂದರು ಅವರು.

ಇವರು ಫೋನಿನ ಸ್ಪೀಕರ್ ಹಾಕಿ ಜಗಲಿಯ ಕಟ್ಟೆಯ ಮೇಲಿಟ್ಟು ನನ್ನನ್ನು ಹತ್ತಿರ ಕರೆದರು. ನಮ್ಮ ಅಂಗಳ ಒಣಗಿ ಬಿರಿದಿತ್ತು. ನಾವಿಬ್ಬರೂ ಅದರೆದುರು ಕೂತು ಗುಡ್ಡದ ಆಚೆಯ ಮಳೆಯನ್ನು ಕೇಳಿದೆವು. ನನ್ನ ಗಂಡ ಆ ಸದ್ದಿಗೆ ತಲೆದೂಗುತ್ತ, ಮದುವೆಯಾದಾಗಿನಿಂದ ನಾನು ಕಾಯುತ್ತಿದ್ದ ಮಾತನ್ನು ಕೊನೆಗೂ ಹೇಳಿದರು.

“ಕೇಳೇ, ಎಷ್ಟು ಚೆನ್ನಾಗಿ ಕರೀತಿದ್ದಾರೆ.”