ಅಣ್ಣನ ಜೊತೆಗಾರರು ಹಾಡಿದ ಮಧ್ಯಾಹ್ನ

ನಾನು ಚಿಕ್ಕವಳಿದ್ದಾಗ ನನಗೊಬ್ಬ ಅಣ್ಣನಿದ್ದ. ಬೆಟ್ಟದಪುರದ ಹತ್ತಿರದ ನಮ್ಮ ಊರಿನಿಂದ ಮಿಲಿಟರಿಗೆ ಹೋದ ಅವನನ್ನು, ದನಿ ಚೆನ್ನಾಗಿದೆಯೆಂದು ಸಿಪಾಯಿಗಳ ಹಾಡಿನ ತಂಡಕ್ಕೂ ಸೇರಿಸಿಕೊಂಡಿದ್ದರು. ಒಂದು ಚಳಿಗಾಲ ಗಡಿಯ ಬೆಟ್ಟದಲ್ಲಿ ಹಿಮ ಕುಸಿದು ಅವನು ತೀರಿಕೊಂಡ. ಸುದ್ದಿ ಬಂದ ಮೇಲೆ ಅಪ್ಪ ಮಾತು ಕಡಿಮೆ ಮಾಡಿದ. ಅವ್ವ ಯಾರ ಮನೆಗೂ ಹೋಗುವುದನ್ನು ಬಿಟ್ಟಳು.

ಮರುವರ್ಷ ಮಳೆಗೆ ಮುಂಚೆ ಅಣ್ಣನ ಜೊತೆಗಾರನೊಬ್ಬ ನಮ್ಮ ಮನೆ ಹುಡುಕಿಕೊಂಡು ಬಂದ. ಕೊಡಗಿನವನು. ಜಗಲಿಯ ತುದಿಯಲ್ಲಿ ಕೂತು, ಕೊಟ್ಟ ಮಜ್ಜಿಗೆ ಕುಡಿಯದೆ ಲೋಟ ಹಿಡಿದುಕೊಂಡೇ ಹೇಳಿದ: “ನಮ್ಮ ತಂಡ ಮೈಸೂರಿಗೆ ಬಂದಿದೆ. ಈ ವಾರವೆಲ್ಲ ಮಧ್ಯಾಹ್ನ ಊಟದ ಹೊತ್ತಿಗೆ ಚರ್ಚಲ್ಲಿ ಹಾಡ್ತಿದ್ದೇವೆ. ಟಿಕೆಟ್ ಇಲ್ಲ, ಯಾರು ಬೇಕಾದ್ರೂ ಬರಬಹುದು. ನಾಳೆ ಕಡೇ ದಿನ. ನೀವೆಲ್ಲ ಬರಬೇಕು.”

“ನನ್ ಮಗ ಇಲ್ದಿರೋ ಕಡೆ ನಾನ್ಯಾಕಪ್ಪಾ ಬರ್ಲಿ?” ಎಂದು ಅವ್ವ ಒಳಗೆ ಹೋದಳು.

ಅಪ್ಪ, ಅಕ್ಕ, ನಾನು ಬೆಳಗಿನ ಬಸ್ಸು ಹತ್ತಿದೆವು. ಅಪ್ಪನ ಬಿಳಿ ಅಂಗಿಗೆ ಪೆಟ್ಟಿಗೆಯ ನುಸಿಗುಳಿಗೆಯ ವಾಸನೆ. ಅಕ್ಕನ ಮಡಿಲಲ್ಲಿ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿಯ ಗಂಟು.

ನಾವು ಅದುವರೆಗೆ ಚರ್ಚಿನೊಳಗೆ ಕಾಲಿಟ್ಟವರಲ್ಲ. ಚಪ್ಪಲಿ ಮೆಟ್ಟಿಲ ಬಳಿ ಬಿಟ್ಟು ಹೋದರೆ, ಒಳಗಿದ್ದವರೆಲ್ಲ ಬೂಟು ಹಾಕಿಕೊಂಡೇ ಕೂತಿದ್ದರು. ನೆಲ ತಣ್ಣಗಿತ್ತು. ಎಲ್ಲ ಕಡೆ ಮೇಣದ ಬತ್ತಿಯ ವಾಸನೆ. ಬಣ್ಣದ ಗಾಜಿನಿಂದ ಇಳಿದ ಬಿಸಿಲು ಅಕ್ಕನ ಸೀರೆಯ ಮೇಲೆ ಕೆಂಪಾಗಿ, ನೀಲಿಯಾಗಿ ಹರಡಿತ್ತು. ಆಫೀಸಿನವರು, ಕಾಲೇಜು ಹುಡುಗಿಯರು ಊಟದ ಬಿಡುವಿನಲ್ಲಿ ಬಂದು ಬೆಂಚು ತುಂಬಿದ್ದರು.

ಸಿಪಾಯಿಗಳು ಇಸ್ತ್ರಿ ಮಾಡಿದ ಉಡುಪಿನಲ್ಲಿ ಸಾಲಾಗಿ ನಿಂತು ಹಾಡಿದರು. ಕೆಲವು ಹಿಂದಿ, ಕೆಲವು ಇಂಗ್ಲಿಷು. ನಮಗೆ ಒಂದೂ ತಿಳಿಯಲಿಲ್ಲ. ಆ ದನಿಗಳೆಲ್ಲ ಎತ್ತರದ ಚಾವಣಿ ಮುಟ್ಟಿ ಮತ್ತೆ ನಮ್ಮ ಮೇಲೆ ಇಳಿಯುತ್ತಿದ್ದವು. ಅಪ್ಪ ಅವರ ಒಂದೊಂದೇ ಮುಖ ನೋಡುತ್ತಾ ಕೂತಿದ್ದ.

ಕೊನೆಗೆ ಕೊಡಗಿನವನು ಮುಂದೆ ಬಂದು, “ಈ ಪದ ನಮಗೆ ಕಲಿಸಿದವನು ಈಗ ನಮ್ಮ ಜೊತೆ ಇಲ್ಲ. ಅವನ ಮನೆಯವರು ಬಂದಿದ್ದಾರೆ,” ಎಂದ.

ಹಾಡು ಶುರುವಾದೊಡನೆ ಅಕ್ಕ ನನ್ನ ಕೈ ಬಿಗಿಯಾಗಿ ಹಿಡಿದಳು. ಅದು ಅವ್ವ ರಾಗಿ ಬೀಸುವಾಗ ಹೇಳುತ್ತಿದ್ದ ಪದ. ಎಲ್ಲೆಲ್ಲಿಂದಲೋ ಬಂದ, ಕೊಡಗಿನವನೊಬ್ಬನ ಹೊರತು ಕನ್ನಡವೇ ತಿಳಿಯದ ಆ ಗಂಡಸರು ಮಾತು ತಪ್ಪುತಪ್ಪಾಗಿ, ಧಾಟಿ ಮಾತ್ರ ಒಂಚೂರೂ ತಪ್ಪದೆ ಹಾಡಿದರು. ಬೀಸುವ ಕಲ್ಲು ತಿರುಗಿಸುತ್ತಾ ಅವ್ವ ಎಲ್ಲಿ ಉಸಿರು ಎಳೆದುಕೊಳ್ಳುತ್ತಿದ್ದಳೋ ಅವರೂ ಅಲ್ಲೇ ಎಳೆದುಕೊಂಡರು. ಅಪ್ಪ ಟವಲನ್ನು ಮುಖಕ್ಕೆ ಒತ್ತಿಕೊಂಡು ಅತ್ತುಬಿಟ್ಟ. ಅವನು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಹೊರಗೆ ಬಂದಾಗ ಅಕ್ಕನಿಗೆ ಅಪ್ಪ ಹೇಳಿದ್ದು ಇಷ್ಟೇ: “ನಿಮ್ಮವ್ವನ್ನ ಕರ್ಕಂಡೇ ಬರ್ಬೇಕಿತ್ತು ಕಣವ್ವ.”

ಸಂಜೆ ಅಕ್ಕ ನಡೆದದ್ದನ್ನೆಲ್ಲ ಹೇಳಿದಳು. ಅವ್ವ ಒಲೆಗೆ ಸೌದೆ ತಳ್ಳುತ್ತಾ ಕೇಳಿಸಿಕೊಂಡು, “ಅವ್ರು ಎಂಗೆ ಯೋಳಿದ್ರು? ಒಂದ್ಸಲ ಯೋಳು,” ಎಂದಳು. ಅಕ್ಕ ಸಿಪಾಯಿಗಳ ತಪ್ಪುಗಳ ಸಮೇತ ಹಾಡಿದಳು. ಅರ್ಧಕ್ಕೇ ಅವ್ವ, “ಸಾಕು ಬುಡು,” ಎಂದಳು. ಆಮೇಲೆ ಅವಳು ಬಹಳ ವರ್ಷ ಬದುಕಿದಳು. ಆ ಪದವನ್ನು ಅವಳ ಬಾಯಲ್ಲಿ ನಾನು ಮತ್ತೆ ಕೇಳಲಿಲ್ಲ.

ಮಕ್ಕಳೇ, ನೀವು ಶಾಲೆಯಲ್ಲಿ ಹಾಡಿದ್ದನ್ನೆಲ್ಲ ನಿಮ್ಮಮ್ಮ ಫೋನಿನಲ್ಲಿ ಹಿಡಿದಿಡುತ್ತಾಳೆ. ನಿಮ್ಮ ತೊದಲು ಮಾತೂ ಅದರಲ್ಲಿದೆ. ಬೇಕೆಂದಾಗ ಕೇಳಿ ನಗುತ್ತೀರಿ. ನಮ್ಮ ಕಾಲದಲ್ಲಿ ಮನುಷ್ಯ ಹೋದರೆ ಅವನ ದನಿಯೂ ಜೊತೆಗೇ ಹೋಗುತ್ತಿತ್ತು. ಆ ಸಿಪಾಯಿಗಳ ದನಿ ನನ್ನ ಕಿವಿಯಲ್ಲಿ ಇನ್ನೂ ಇದೆ. ಅಣ್ಣನದು ಹೇಗಿತ್ತೆಂದು ನೀವು ಕೇಳಿದರೆ, ಎಷ್ಟು ಯೋಚಿಸಿದರೂ ನನಗೆ ನೆನಪಾಗುವುದಿಲ್ಲ.