ದೊಡ್ಡಪ್ಪನ ‘ವೈ’

ದೊಡ್ಡಪ್ಪನಿಗೆ ಇಂಗ್ಲಿಷಿನ ಪದಗಳು ಸಾಕಷ್ಟು ಗೊತ್ತು. ಆದರೆ ಅವರು ದುಡಿಸಿಕೊಳ್ಳುವುದು ‘ಯಾಕೆ’ ಎನ್ನುವ ‘ವೈ’ ಒಂದನ್ನೇ. ಬಂಗಾಳಿಗಳ ನಡುವೆ ಬಾಲಿಗಂಜ್‌ನಲ್ಲಿರುವ ನಮ್ಮ ಅಡುಗೆಮನೆಯಿಂದ ಸಮಾರಂಭಗಳಿಗೆ ಊಟ ಕಳಿಸುವ ಕೇಟರಿಂಗ್ ಅವರದು. ಅಡುಗೆ ಅಮ್ಮನದು, ಆರ್ಡರ್ ಪುಸ್ತಕ ನನ್ನದು. ನವೆಂಬರ್ ಒಂದರಿಂದ ನನ್ನ ಡೈರಿಯ ಕೊನೆಯ ಪುಟದಲ್ಲಿ ಅವರ ‘ವೈ’ಗಳನ್ನು ಗೀಟು ಹಾಕಿ ಎಣಿಸತೊಡಗಿದೆ.

ಡಿಸೆಂಬರ್ ಮುಗಿಯುವಾಗ ಇನ್ನೂರ ಹದಿನಾರು. ಬಡಿಸುವವರು ರಜೆ ಕೇಳಿದರೆ ‘ವೈ’ ಎಂದರೆ ಇಲ್ಲ. ಗಿರಾಕಿ ಹೊಗಳಿದರೆ ‘ವೈ, ವೈ’ ಎಂದರೆ ಇನ್ನಷ್ಟು ಹೊಗಳಿ. ತಪ್ಪು ತಮ್ಮದೆಂದು ಗೊತ್ತಾದಾಗ ಹೇಳುವ ‘ವೈ’ ಸ್ವಲ್ಪ ಉದ್ದ, ಅದನ್ನು ಹೇಳುವಾಗ ಬೇರೆಯವರ ಮುಖ ನೋಡುತ್ತಾರೆ. ನಿಜವಾಗಿ ಉತ್ತರ ಬೇಕಾಗಿ ಕೇಳಿದ್ದು ನಾಲ್ಕು ಸಲ. ನಾಲ್ಕೂ ಸಲ ಕರೆಂಟ್ ಹೋಗಿತ್ತು, ಕೇಳಿದ್ದು ಫ್ಯಾನನ್ನು.

ಇನ್ನೂರ ಮೂವತ್ತನೆಯದು ಜನವರಿ ಐದರಂದು ಅಮ್ಮನಿಗೆ ಬಿತ್ತು. ಬೆಹಾಲಾದಲ್ಲಿ ಮೆಟ್ರೋ ಹತ್ತಿರ ಎರಡನೆಯ ಅಡುಗೆಮನೆ ತೆರೆಯುವುದೆಂದು ಆಗಿತ್ತು. ಹದಿನೆಂಟು ವರ್ಷ ಇನ್ನೊಬ್ಬರ ಹೆಸರಿನಲ್ಲಿ ಬೇಯಿಸಿದ ಅಮ್ಮ, ಅದನ್ನು ತಾನು ನೋಡಿಕೊಳ್ಳುತ್ತೇನೆ ಎಂದಳು. ದೊಡ್ಡಪ್ಪ ‘ವೈ’ ಎಂದು ಮಜ್ಜಿಗೆ ಕಲಸಿಕೊಂಡರು. ಅಮ್ಮ ಉತ್ತರ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವರು ಕೈ ತೊಳೆಯಲು ಎದ್ದಾಗಿತ್ತು. ರೈಲ್ವೆ ಕಚೇರಿಯ ಅಪ್ಪ ಎಂದಿನಂತೆ ಪೇಪರಿನ ಹಿಂದೆ ಉಳಿದರು.

ನಮ್ಮಲ್ಲಿ ಒಂದು ಕಟ್ಟಳೆ ಇದೆ. ಬಡಿಸುವ ಜಾಗದಲ್ಲಿ ಮೊದಲ ಎಲೆ ದೇವರಿಗೆ ಇಡುವ ತನಕ ಅಡುಗೆಯ ರುಚಿ ನೋಡುವಂತಿಲ್ಲ. ಹಾಗಾಗಿ ಉಪ್ಪು ಹಾಕಿದ ಪಾತ್ರೆಯ ಮುಚ್ಚಳದ ಮೇಲೆ ಅಮ್ಮ ಒಂದು ಕರಿಬೇವಿನ ಎಸಳು ಇಡುತ್ತಾಳೆ. ಎಸಳು ಇದ್ದರೆ ಉಪ್ಪು ಬಿದ್ದಿದೆ ಎಂದು ಎಲ್ಲರಿಗೂ ಗೊತ್ತು. ಮುಚ್ಚಳದ ಕಡೆ ನೋಡುವುದು ದೊಡ್ಡಪ್ಪನ ಘನತೆಗೆ ಕಡಿಮೆ.

ಫೆಬ್ರುವರಿ ಎರಡು, ಭಾನುವಾರ. ಬೆಹಾಲಾದ ಒಬ್ಬ ಬಂಗಾಳಿ ಮೇಷ್ಟ್ರ ತಾಯಿಗೆ ಎಂಬತ್ತು ತುಂಬಿತ್ತು. ಆಕೆ ಮೀನು ಮುಟ್ಟದವರಾದ್ದರಿಂದ ಸಸ್ಯಾಹಾರ ಮಾತ್ರ ಮಾಡುವ ನಮಗೆ ನೂರು ಎಲೆಯ ಆರ್ಡರ್. ವ್ಯಾನಿಗೆ ಪಾತ್ರೆ ಏರಿಸಿ ಬಂದ ಅಮ್ಮ ಸಾಂಬಾರಿನ ಮುಚ್ಚಳದಿಂದ ನೆಲಕ್ಕೆ ಬಿದ್ದಿದ್ದ ಕರಿಬೇವಿನ ಎಸಳನ್ನು ಎತ್ತಿಕೊಂಡಳು.

“ಭಾವ, ಸಾಂಬಾರಿಗೆ ನೀವೂ ಉಪ್ಪು ಹಾಕಿದ್ರಾ?”

“ವೈ?” ಉದ್ದನೆಯದು. ನನ್ನ ಮುಖ ನೋಡಿದರು.

ದೊಡ್ಡಪ್ಪ ವ್ಯಾನ್ ಹತ್ತಿ ಹೊರಟರು. ಅಮ್ಮ ಎರಡು ಕುಕ್ಕರ್‌ಗಳಲ್ಲಿ ತೊಗರಿಬೇಳೆ, ಕುಂಬಳಕಾಯಿ ಉಪ್ಪಿಲ್ಲದೆ ಬೇಯಿಸಿ, ಹುಳಿ ಮಸಾಲೆ ಬೇರೆ ಡಬ್ಬಿಗೆ ತುಂಬಿಸಿ, ನನ್ನನ್ನು ಕರೆದುಕೊಂಡು ಟ್ಯಾಕ್ಸಿಯಲ್ಲಿ ಹಿಂದೆಯೇ ಹೊರಟಳು.

ನಾವು ಹಾಲ್ ತಲುಪುವಾಗ ದೇವರ ಎಲೆ ಇಟ್ಟಾಗಿತ್ತು. ಆ ಅಜ್ಜಿಗೆ ಮೊದಲು ಬಡಿಸಿದ್ದರು. ಆಕೆ ಒಂದು ತುತ್ತು ಬಾಯಿಗಿಟ್ಟು, ಸದ್ದಿಲ್ಲದೆ ನೀರಿನ ಲೋಟ ಎತ್ತಿದರು. ಮೇಷ್ಟ್ರು ತಾವೂ ಒಂದು ಚಮಚ ರುಚಿ ನೋಡಿ, ದೊಡ್ಡಪ್ಪನ ಕಡೆ ತಿರುಗಿ, ಮೆಲ್ಲಗೆ “ವೈ?” ಎಂದು ಕೇಳಿದರು. ಕೇಳಿ, ನಿಂತರು. ಆ ಪದ ಕೇಳಿದ ಮೇಲೆ ಒಬ್ಬ ಮನುಷ್ಯ ಉತ್ತರಕ್ಕಾಗಿ ಕಾಯುವುದನ್ನು ನಾನು ಕಂಡಿದ್ದು ಅದೇ ಮೊದಲು. ದಿನಕ್ಕೆ ಮೂರು ನಾಲ್ಕು ‘ವೈ’ ಹಂಚುವ ದೊಡ್ಡಪ್ಪ ಫ್ಯಾನ್ ನೋಡಿದರು. ಅದು ತಿರುಗುತ್ತಿತ್ತು.

ಅಮ್ಮ ಮೇಷ್ಟ್ರ ಬಳಿ ತನ್ನ ಹರಕು ಬಂಗಾಳಿಯಲ್ಲಿ ಹತ್ತು ನಿಮಿಷದ ಸಮಯ ಕೇಳಿ, ಸಾಂಬಾರನ್ನು ಎರಡು ಪಾತ್ರೆಗೆ ಪಾಲು ಮಾಡಿ, ಉಪ್ಪಿಲ್ಲದ ಬೇಳೆ, ಮಸಾಲೆ ಬೆರೆಸಿ ಕುದಿಸಿದಳು. ಅಜ್ಜಿ ಎರಡನೆಯ ಸಲ ಬಡಿಸಿಕೊಂಡರು. ಹೊಗಳಿಕೆ ಬಂದಾಗ ದೊಡ್ಡಪ್ಪ ಮುಂದೆ ಬಂದು “ವೈ, ವೈ” ಎಂದರು. ನಾಚಿಕೆ ಎನ್ನುವುದಕ್ಕೆ ಡೈರಿಯಲ್ಲಿ ಪ್ರತ್ಯೇಕ ಕಾಲಂ ಹಾಕಿದ್ದರೆ ಅದು ಖಾಲಿ ಉಳಿಯುತ್ತಿತ್ತು.

ಮರುದಿನ ಬೆಳಿಗ್ಗೆ ತಿಂಡಿಯ ಹೊತ್ತಿಗೆ ಅಮ್ಮ ಬೆಹಾಲಾದ ಹೊಸ ಅಡುಗೆಮನೆಯ ಬೀಗದ ಕೈಯನ್ನು ಮೊಳೆಯಿಂದ ತೆಗೆದು ಸೆರಗಿಗೆ ಕಟ್ಟಿಕೊಂಡಳು. ಕೇಳಲಿಲ್ಲ.

“ವೈ?” ಎಂದರು ದೊಡ್ಡಪ್ಪ, ಕೈ ತೊಳೆಯಲು ಏಳುತ್ತಾ.

ಅಮ್ಮ ಬಚ್ಚಲಿನ ದಾರಿಗೆ ಅಡ್ಡ ನಿಂತಳು. “ಕೂತ್ಕೊಳ್ಳಿ ಭಾವ. ಕೇಳಿದ್ರಲ್ಲ, ಹೇಳ್ತೇನೆ.”

ಅವರ ಎಂಜಲು ಕೈ ಒಣಗುವ ತನಕ ಹೇಳಿದಳು. ಹದಿನೆಂಟು ವರ್ಷದ್ದು ಇತ್ತು. ಬೀಗದ ಕೈ ಸೆರಗಿನಲ್ಲೇ ಉಳಿಯಿತು. ನಾನು ಕೊನೆಯ ಪುಟಕ್ಕೆ ಒಂದು ಗೀಟು ಹಾಕಿ, ಪುಟ ಮುಚ್ಚಿ, ಬೆಹಾಲಾಕ್ಕೆಂದು ಹೊಸ ಆರ್ಡರ್ ಪುಸ್ತಕ ತರಲು ಹೊರಟೆ.